ಬಿಸಿಲೇ ಬೀಳದ ಮನೇಲಿ ಕೊತ್ತಂಬರಿ: ಯಾವ ಲೈಟ್ ತಗೊಳ್ಳಲಿ, ಕರೆಂಟ್ ಬಿಲ್ ಎಷ್ಟು ಬರುತ್ತೆ?

ಕಿಟಕಿಪಕ್ಕದವಳು (ವಿಜಯನಗರ, ಬೆಂಗಳೂರು)

ಎಲ್ಲರಿಗೂ ನಮಸ್ಕಾರ. ನಮ್ಮದು ಮೊದಲ ಮಹಡಿಯ ಬಾಡಿಗೆ ಮನೆ. ಬಾಲ್ಕನಿ ಇಲ್ಲ, ಟೆರೇಸಿಗೆ ಓನರ್ ಬೀಗ. ಇರೋ ಒಂದು ದೊಡ್ಡ ಕಿಟಕಿ ಉತ್ತರಕ್ಕಿದೆ, ಕೈ ಚಾಚಿದರೆ ಪಕ್ಕದ ಮನೆ ಗೋಡೆ ಸಿಗುತ್ತೆ. ಆ ಕಿಟಕಿ ಪಕ್ಕ ನಾಲ್ಕಡಿ ಉದ್ದ, ಒಂದೂಕಾಲಡಿ ಅಗಲದ ಕಬ್ಬಿಣದ ರ‍್ಯಾಕ್ ಇಟ್ಟು ಕೊತ್ತಂಬರಿ ಬಿತ್ತಿದೆ. ಮೊಳಕೆ ಚೆನ್ನಾಗೇ ಬಂತು. ಆಮೇಲೆ ಹೊಲಿಗೆ ದಾರದಷ್ಟು ಸಣ್ಣಗೆ ಉದ್ದುದ್ದ ಬೆಳೆದು ಒಂದರ ಮೇಲೊಂದು ಮಲಗಿಬಿಟ್ಟವು. ಮೆಂತ್ಯದ್ದೂ ಅದೇ ಕಥೆ. ದೊಡ್ಡಪತ್ರೆ ಬದುಕಿದೆ, ಆದರೆ ಎಲೆಗೂ ಎಲೆಗೂ ನಡುವೆ ಮೂರು ಬೆರಳು ಜಾಗ.

ಲೈಟ್ ಹಾಕೋಣ ಅಂತ ಆನ್‌ಲೈನಲ್ಲಿ ನೋಡಿದರೆ ತಲೆ ಕೆಟ್ಟುಹೋಯ್ತು. ‘1000 ವ್ಯಾಟ್ ಫುಲ್ ಸ್ಪೆಕ್ಟ್ರಮ್’ ಅಂತ ನೇರಳೆ ಬಣ್ಣದ್ದು 1,800 ರೂಪಾಯಿ. ಇನ್ನೊಂದು ಬರೀ 45 ವ್ಯಾಟಿನ ಬೋರ್ಡು, ಅದಕ್ಕೆ 4,000. ಮೂಲೆ ಎಲೆಕ್ಟ್ರಿಕಲ್ ಅಂಗಡಿಯವರು ‘ಒಂದು ಒಂಬತ್ತು ವ್ಯಾಟ್ ಬಲ್ಬ್ ಹಾಕಿ ಸಾಕು’ ಅಂತಾರೆ. ಯಾರ ಮಾತು ಕೇಳಲಿ? ಗೃಹಜ್ಯೋತಿಯಲ್ಲಿದ್ದೀವಿ, ಬಿಲ್ ಸೊನ್ನೆ ಬರ್ತಿದೆ, ಅದನ್ನ ಕಳಕೊಳ್ಳೋ ಮನಸ್ಸಿಲ್ಲ. ಕೊತ್ತಂಬರಿ, ಮೆಂತ್ಯ, ಒಂದು ಕರಿಬೇವಿನ ಕುಂಡ, ಇಷ್ಟೇ ಆಸೆ.

‘ಹತ್ತು ರೂಪಾಯಿ ಕೊಟ್ಟರೆ ಗಾಡಿಯವನು ಕಟ್ಟು ಕೊಡ್ತಾನಲ್ಲೇ’ ಅಂತ ನಮ್ಮ ಯಜಮಾನರು ದಿನಾ ಹಾಡ್ತಾರೆ. ಆ ಉತ್ತರ ಇಲ್ಲಿ ಯಾರೂ ಕೊಡಬೇಡಿ.

ಪೇಡೆನಗರಿ (ಧಾರವಾಡ)

ಅಕ್ಕಾರ, ನವರಾತ್ರಿಯೊಳಗ ಘಟ್ಟ ಹಾಕ್ತೀವಲ್ರಿ, ದೇವರ ಮನಿ ಮೂಲ್ಯಾಗ ಗೋಧಿ ಸಸಿ ಹೆಂಗ ಬರ್ತಾವ ನೆನಪ ಮಾಡ್ಕೋರಿ. ಹಳದಿ ಬಣ್ಣ, ಗೇಣುದ್ದ, ಮುಟ್ಟಿದ್ರ ಬಾಗ್ತಾವ. ಬೆಳಕ ಹುಡುಕ್ಕೋತ ಮ್ಯಾಲ ಓಡಿರ್ತಾವ. ನಿಮ್ಮ ಕೊತಂಬ್ರಿನೂ ಅದನ್ನ ಮಾಡೇತಿ. ಬೀಜದ್ದೂ ತಪ್ಪಿಲ್ಲ, ಮಣ್ಣಿಂದೂ ತಪ್ಪಿಲ್ಲ.

ಚೋಕುಪಟ್ಟಿ (ಮೈಸೂರು)

ಮೇಡಂ, ನಾನು ಬಹಳ ವರ್ಷ ಕಾರ್ಖಾನೆಯಲ್ಲಿ ಲೈಟಿಂಗ್ ಕೆಲಸ ನೋಡಿಕೊಂಡು ರಿಟೈರ್ ಆದವನು. ಸ್ವಲ್ಪ ಉದ್ದ ಆಗುತ್ತೆ, ಕಾಫಿ ಇಟ್ಟುಕೊಂಡು ಓದಿ.

ವ್ಯಾಟ್ ಅಂದರೆ ಲೈಟು ಎಷ್ಟು ಕರೆಂಟ್ ತಿನ್ನುತ್ತೆ ಅನ್ನೋ ಲೆಕ್ಕ. ಎಷ್ಟು ಬೆಳಕು ಕೊಡುತ್ತೆ ಅನ್ನೋದು ಬೇರೆ. ಆ 1000 ವ್ಯಾಟಿನದ್ದು ತಿನ್ನೋದೂ 1000 ಅಲ್ಲ. ಒಳಗೆ ನೂರು ಎಲ್‌ಇಡಿ ಇರುತ್ತವೆ, ಒಂದೊಂದೂ ಹೆಚ್ಚೆಂದರೆ ಹತ್ತು ವ್ಯಾಟ್ ತಡೆದೀತು ಅಂತ ಗುಣಿಸಿ ಡಬ್ಬದ ಮೇಲೆ ಅಚ್ಚು ಹಾಕ್ತಾರೆ. ಗೋಡೆ ಪ್ಲಗ್ಗಿಂದ ನಿಜವಾಗಿ ಎಳೆಯೋದು ನೂರರ ಆಸುಪಾಸು, ಕೆಲವು ಅದಕ್ಕೂ ಕಡಿಮೆ. ಪ್ಲಗ್ಗಿಗೂ ಲೈಟಿಗೂ ನಡುವೆ ಸಿಕ್ಕಿಸೋ ವ್ಯಾಟ್ ಮೀಟರ್ ಸಿಗುತ್ತೆ, ಯಾರ ಹತ್ತಿರವಾದರೂ ಎರವಲು ತನ್ನಿ. ಎರಡೇ ನಿಮಿಷದಲ್ಲಿ ಬಣ್ಣ ಬಯಲಾಗುತ್ತೆ.

ಇನ್ನು ಲೂಮೆನ್. ಅದು ಮನುಷ್ಯರ ಕಣ್ಣಿಗೆ ಮಾಡಿದ ಅಳತೆ. ನಮ್ಮ ಕಣ್ಣು 555 ನ್ಯಾನೋಮೀಟರ್ (ಬೆಳಕಿನ ಅಲೆಯುದ್ದದ ಅಳತೆ, ಬಣ್ಣ ಅದರ ಮೇಲೇ ನಿಂತಿದೆ) ಹತ್ತಿರದ ಹಸಿರು ಬೆಳಕಿಗೆ ಬಹಳ ಚುರುಕು, ಕೆಂಪಿಗೂ ನೀಲಿಗೂ ಮಂದ. ಗಿಡದ ಲೆಕ್ಕವೇ ಬೇರೆ. 400ರಿಂದ 700 ನ್ಯಾನೋಮೀಟರ್ ತನಕ ಬರೋ ಬೆಳಕೆಲ್ಲ ಅದಕ್ಕೆ ಊಟ. ಅದು ಎಣಿಸೋದು ಬೆಳಕಿನ ಕಾಳುಗಳನ್ನ, ಅಂದರೆ ಫೋಟಾನ್. ಕಾಳು ಎಣಿಸುತ್ತಾ ಕೂತರೆ ಮುಗಿಯೋದಿಲ್ಲ ಅಂತ ಅಕ್ಕಿಯನ್ನ ಸೇರಿನಲ್ಲಿ ಅಳೆಯೋದಿಲ್ಲವೇ, ಹಾಗೆ ಫೋಟಾನ್ ಅಳೆಯೋ ಸೇರಿನ ಹೆಸರು ಮೈಕ್ರೋಮೋಲ್.

ಆದ್ದರಿಂದ ಲೈಟ್ ಕೊಳ್ಳುವಾಗ ಕೇಳಬೇಕಾದ ಪ್ರಶ್ನೆ ಒಂದೇ: ಒಂದು ಜೂಲ್ ಕರೆಂಟಿಗೆ (ಒಂದು ವ್ಯಾಟ್ ಒಂದು ಸೆಕೆಂಡ್ ಉರಿದಷ್ಟು) ಎಷ್ಟು ಮೈಕ್ರೋಮೋಲ್? ವ್ಯಾಟಿಗೆ ನೂರು ಲೂಮೆನ್ ಕೊಡೋ ಮಾಮೂಲಿ ಬಿಳಿ ಬ್ಯಾಟನ್ ಲೈಟು (ಟ್ಯೂಬ್‌ಲೈಟಿನ ಹಾಗೆ ಉದ್ದಕ್ಕಿರೋ ಎಲ್‌ಇಡಿ) ಸುಮಾರು 1.4 ಕೊಡುತ್ತೆ. ಒಳ್ಳೆಯ ಗ್ರೋ ಲೈಟ್ (ಗಿಡ ಬೆಳೆಸೋಕೆ ಅಂತಲೇ ಮಾಡಿದ್ದು) 2.5ರಿಂದ 3. ನಿಮ್ಮ 45 ವ್ಯಾಟ್ ಬೋರ್ಡು 4,000 ಯಾಕೆ ಅಂದರೆ ಇದಕ್ಕೇ. ಆ ಅಂಕಿಯನ್ನ ಎಲ್ಲೂ ಬರೆಯದೆ ‘ಫುಲ್ ಸ್ಪೆಕ್ಟ್ರಮ್’ (ಎಲ್ಲ ಬಣ್ಣದ ಬೆಳಕೂ ಇದೆ) ಅಂತ ಮಾತ್ರ ಕೂಗೋವರ ಹತ್ತಿರ ನಾನಂತೂ ವ್ಯಾಪಾರ ಮಾಡಲ್ಲ.

ಕಿಟಕಿಪಕ್ಕದವಳು

ಸರ್, ಸೇರಿನ ಲೆಕ್ಕ ಅರ್ಥ ಆಯ್ತು. ಹಾಗಾದರೆ ನನ್ನ ರ‍್ಯಾಕಿಗೆ ಎಷ್ಟು ಸೇರು ಬೇಕು? ಒಂಬತ್ತು ವ್ಯಾಟ್ ಬಲ್ಬ್ ಸಾಕಾಗಲ್ವಾ?

ನೇರಳೆಪಕ್ಷ (ಹಾಸನ)

ನೇರಳೆಯನ್ನ ಅಷ್ಟು ಬಯ್ಯಬೇಡಿ ಸಾರ್. ಎಲೆ ಹಸಿರಾಗಿ ಕಾಣೋದೇ ಹಸಿರು ಬೆಳಕನ್ನ ವಾಪಸ್ ಎಸೆಯೋದರಿಂದ. ಅಂದ ಮೇಲೆ ಅದಕ್ಕೆ ಬೇಕಾಗಿರೋದು ಕೆಂಪು, ನೀಲಿ ಎರಡೇ. ನಾಸಾದವರು ಬಾಹ್ಯಾಕಾಶ ನಿಲ್ದಾಣದಲ್ಲಿ ಸೊಪ್ಪು ಬೆಳೆದಿದ್ದೂ ಗುಲಾಬಿ ಲೈಟಲ್ಲೇ, ಫೋಟೋ ನೋಡಿ.

ಸಸಿಮಡಿ (ಶಿವಮೊಗ್ಗ)

ಅರ್ಧ ಸರಿ ಅಣ್ಣ. ಎಲೆ ಹಸಿರನ್ನ ಸ್ವಲ್ಪ ವಾಪಸ್ ಎಸೆಯುತ್ತೆ ನಿಜ, ಆದರೆ ಹೆಚ್ಚಿನದನ್ನ ಹೀರಿಕೊಳ್ಳುತ್ತೆ. ಮೆಕ್ರೀ ಅನ್ನೋ ವಿಜ್ಞಾನಿ 1970ರ ದಶಕದ ಆರಂಭದಲ್ಲೇ ಇಪ್ಪತ್ತಕ್ಕೂ ಹೆಚ್ಚು ಬೆಳೆಗಳ ಎಲೆಗಳ ಮೇಲೆ ಇದನ್ನ ಅಳೆದು ತೋರಿಸಿದ್ದಾರೆ. ಹಸಿರು ಬೆಳಕಿಂದಲೂ ದ್ಯುತಿಸಂಶ್ಲೇಷಣೆ ಚೆನ್ನಾಗೇ ನಡೆಯುತ್ತೆ. ಕೆಂಪು, ನೀಲಿ ಎಲೆಯ ಮೇಲ್ಪದರದಲ್ಲೇ ಮುಗಿದುಹೋಗುತ್ತವೆ, ಹಸಿರು ಒಳಗೆ ಇಳಿಯುತ್ತೆ, ಕೆಳಗಿನ ಎಲೆಗೂ ಒಂದಿಷ್ಟು ಮುಟ್ಟುತ್ತೆ.

ಬಾಹ್ಯಾಕಾಶ ನಿಲ್ದಾಣದ ‘ವೆಜಿ’ ಪೆಟ್ಟಿಗೆ 2014ರಲ್ಲಿ ಹೋಯ್ತು, 2015ರ ಆಗಸ್ಟಿನಲ್ಲಿ ಅಲ್ಲಿನವರು ಅದರಲ್ಲಿ ಬೆಳೆದ ಕೆಂಪು ಲೆಟ್ಯೂಸ್ ತಿಂದರು. ಅದರಲ್ಲಿ ಕೆಂಪು, ನೀಲಿ ಜೊತೆ ಹಸಿರು ಎಲ್‌ಇಡಿಗಳೂ ಇವೆ. ನೇರಳೆ ತಪ್ಪು ಅಂತ ನಾನೂ ಹೇಳಲ್ಲ. 660 ನ್ಯಾನೋಮೀಟರಿನ ಒಳ್ಳೆ ಕೆಂಪು ಎಲ್‌ಇಡಿ ಬಿಳಿಯದಕ್ಕಿಂತ ಹೆಚ್ಚು ಮೈಕ್ರೋಮೋಲ್ ಕೊಡುತ್ತೆ, ಅದಕ್ಕೇ ದೊಡ್ಡ ದೊಡ್ಡ ಪಾಲಿಹೌಸಿನವರು ಹಾಕ್ತಾರೆ. ನಮ್ಮ ಕೈಗೆ 1,800ಕ್ಕೆ ಸಿಗೋದರಲ್ಲಿ ಆ ಎಲ್‌ಇಡಿ ಇರಲ್ಲ, ಬಣ್ಣ ಮಾತ್ರ ಇರುತ್ತೆ. ಇನ್ನೊಂದು ಕಿರಿಕಿರಿ ಏನಂದರೆ ನೇರಳೆ ಬೆಳಕಲ್ಲಿ ಎಲೆ ಹಳದಿಯಾಗಿದೆಯೋ, ಹೇನು ಕೂತಿದೆಯೋ ಕಣ್ಣಿಗೆ ಕಾಣೋದೇ ಇಲ್ಲ. ಅಡುಗೆಮನೆಯಲ್ಲಿ ಹುಳಿ ಬಣ್ಣವೂ ಗೊತ್ತಾಗಲ್ಲ!

ನೇರಳೆಪಕ್ಷ

ಹುಳಿ ವಿಷಯ ಒಪ್ಪಿದೆ. ಮನೆಯವರೂ ಅದನ್ನೇ ಹೇಳ್ತಿದ್ದಾರೆ.

ಕುಡ್ಲದ ಕೈತೋಟ (ಮಂಗಳೂರು)

ಮಾರಾಯ್ರೆ, ಲೈಟ್ ಯಾವುದು ಅಂತ ಆಮೇಲೆ. ಎಷ್ಟು ಎತ್ತರದಲ್ಲಿ ಕಟ್ಟುದು ಅಂತ ಮೊದಲು ಕೇಳಿ. ನಮ್ಮಲ್ಲಿ ಜೂನ್‌ನಿಂದ ಆಗಸ್ಟ್ ತನಕ ಮಧ್ಯಾಹ್ನವೇ ಸಂಜೆಯ ಹಾಗೆ ಇರ್ತದೆ. ಸಿಟೌಟ್‌ನ ಗಿಡಗಳಿಗೆ ಅಂತ ತಾರಸಿಗೆ ಎರಡು ಟ್ಯೂಬ್ ಹಾಕಿಸಿದೆ, ಒಂದು ತಿಂಗಳು ಉರಿಸಿದೆ, ಎಂತದೂ ಆಗ್ಲಿಲ್ಲ. ಮತ್ತೆ ಮಗ ಫೋನಿನಲ್ಲಿ ಲಕ್ಸ್, ಅಂದ್ರೆ ಒಂದು ಜಾಗಕ್ಕೆ ಎಷ್ಟು ಬೆಳಕು ಬೀಳ್ತದೆ ಅಂತ ನೋಡುವ ಆ್ಯಪ್ ಹಾಕಿ ಕೊಟ್ಟ. ಕುಂಡದ ಹತ್ತಿರ ಇನ್ನೂರು ಚಿಲ್ಲರೆ ಉಂಟು ಅಷ್ಟೆ! ಅದೇ ಟ್ಯೂಬನ್ನು ಸರಪಳಿಯಲ್ಲಿ ಕೆಳಗೆ ಇಳಿಸಿ ಗಿಡದಿಂದ ಒಂದು ಗೇಣಿಗೆ ತಂದದ್ದು, ಲಕ್ಸ್ ಸಾವಿರಗಟ್ಟಲೆ ಏರಿತು. ಒಂದು ಪೈಸೆ ಖರ್ಚಿಲ್ಲ.

ಚೋಕುಪಟ್ಟಿ

ಮಂಗಳೂರಿನವರು ಹೇಳಿದ್ದು ಚಿನ್ನದಂಥ ಮಾತು. ನಮ್ಮ ಕಣ್ಣು ದೊಡ್ಡ ಮೋಸಗಾರ. ರಾತ್ರಿ ಟ್ಯೂಬ್‌ಲೈಟ್ ಹಾಕಿದ ಹಾಲ್ ಝಗಝಗ ಅನ್ನಿಸುತ್ತೆ, ಅಲ್ಲಿರೋದು ಇನ್ನೂರು ಮುನ್ನೂರು ಲಕ್ಸ್. ಹೊರಗೆ ನೆತ್ತಿ ಮೇಲಿನ ಬಿಸಿಲು ಒಂದು ಲಕ್ಷ ಲಕ್ಸ್. ಗಿಡಕ್ಕೆ ಹಾಲ್ ಅಂದರೆ ಅಮಾವಾಸ್ಯೆ.

ಬಿಳಿ ಎಲ್‌ಇಡಿ ಆದರೆ ಲಕ್ಸನ್ನ ಸುಮಾರು 70ರಿಂದ ಭಾಗಿಸಿ. ಒಂದು ಚದರ ಮೀಟರಿಗೆ ಸೆಕೆಂಡಿಗೆ ಎಷ್ಟು ಮೈಕ್ರೋಮೋಲ್ ಬೀಳ್ತಿದೆ ಅಂತ ಹೆಚ್ಚುಕಮ್ಮಿ ಸಿಗುತ್ತೆ. ಬಿಸಿಲಿಗಾದರೆ 54ರಿಂದ ಭಾಗಿಸಬೇಕು. ನೇರಳೆ ಲೈಟಿಗೆ ಈ ಸೂತ್ರ ನಡೆಯಲ್ಲ, ಫೋನಿನ ಸೆನ್ಸರ್ ಅಲ್ಲಿ ದಿಕ್ಕೆಟ್ಟುಹೋಗುತ್ತೆ.

ಈಗ ಮೇಡಂ ಪ್ರಶ್ನೆ. ಒಂಬತ್ತು ವ್ಯಾಟ್ ಬಲ್ಬು 900 ಲೂಮೆನ್, ಅಂದರೆ ಸೆಕೆಂಡಿಗೆ 13 ಮೈಕ್ರೋಮೋಲ್ ಚಿಲ್ಲರೆ. ನಾಲ್ಕಡಿ ರ‍್ಯಾಕಿಗೆ ಅದು ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ಬಲ್ಬಿನ ಬೆಳಕು ದೂರ ಎರಡು ಪಟ್ಟಾದರೆ ನಾಲ್ಕನೇ ಒಂದು ಪಾಲಿಗೆ ಇಳಿಯುತ್ತೆ. ಉದ್ದದ ಬ್ಯಾಟನ್ ಹತ್ತಿರ ಕಟ್ಟಿದಾಗ ಅಷ್ಟು ಬೇಗ ಇಳಿಯಲ್ಲ, ರ‍್ಯಾಕಿನ ತುಂಬಾ ಸಮನಾಗೂ ಹರಡುತ್ತೆ. ಬ್ಯಾಟನ್ ಕೊಳ್ಳುವಾಗ ಡಬ್ಬದ ಮೇಲೆ ಲೂಮೆನ್ ಎಷ್ಟು, ವ್ಯಾಟ್ ಎಷ್ಟು ನೋಡಿ ಭಾಗಿಸಿ. ನೂರು ದಾಟಿದ್ದರೆ ತಗೊಳ್ಳಿ, ಎಂಬತ್ತು ಅಂದರೆ ಅಲ್ಲೇ ಬಿಡಿ.

ನಿಮ್ಮ ರ‍್ಯಾಕು 0.46 ಚದರ ಮೀಟರ್. 20 ವ್ಯಾಟಿನ ನಾಲ್ಕಡಿ ಬ್ಯಾಟನ್ ನಾಲ್ಕು ಕಟ್ಟಿದರೆ ಒಟ್ಟು 8,000 ಲೂಮೆನ್, ಸೆಕೆಂಡಿಗೆ 114 ಮೈಕ್ರೋಮೋಲ್. ಕಾಲು ಭಾಗ ಪಕ್ಕಕ್ಕೆ ಸೋರಿಹೋಯ್ತು ಅಂದುಕೊಳ್ಳಿ. ಉಳಿದದ್ದನ್ನ ಜಾಗಕ್ಕೆ ಭಾಗಿಸಿದರೆ ಚದರ ಮೀಟರಿಗೆ 185. ಫೋನಿನಲ್ಲಿ ಹದಿಮೂರು ಸಾವಿರ ಲಕ್ಸ್ ತೋರಿಸಬೇಕು. ದಿನಕ್ಕೆ 16 ಗಂಟೆ ಉರಿಸಿದರೆ ಚದರ ಮೀಟರಿಗೆ 10.6 ಮೋಲ್ (ಹತ್ತು ಲಕ್ಷ ಮೈಕ್ರೋಮೋಲ್ ಸೇರಿದರೆ ಒಂದು ಮೋಲ್). ಸೊಪ್ಪಿಗೆ 10ರ ಹತ್ತಿರ ಸಿಕ್ಕರೆ ಧಾರಾಳ.

ಖರ್ಚು: 80 ವ್ಯಾಟ್, 16 ಗಂಟೆ, ತಿಂಗಳಿಗೆ 38 ಯೂನಿಟ್. ಅಷ್ಟೇ ಬೆಳಕನ್ನ ಒಳ್ಳೆ ಗ್ರೋ ಬೋರ್ಡು 43 ವ್ಯಾಟಿನಲ್ಲಿ ಕೊಡುತ್ತೆ, ತಿಂಗಳಿಗೆ 20 ಯೂನಿಟ್ ಚಿಲ್ಲರೆ. 2025-26ರ ದರದಲ್ಲಿ ಯೂನಿಟ್ 5.80, ಮೇಲೆ ತೆರಿಗೆ ಗಿರಿಗೆ ಸೇರಿ ಆರೂಮುಕ್ಕಾಲು ಅಂತ ಹಿಡಿದರೆ ಬೋರ್ಡಿನಿಂದ ತಿಂಗಳಿಗೆ 120 ರೂಪಾಯಿ ಉಳಿತಾಯ. ಬ್ಯಾಟನ್ ನಾಲ್ಕಕ್ಕೆ ಸಾವಿರ, ಬೋರ್ಡಿಗೆ ನಾಲ್ಕು ಸಾವಿರ. ವ್ಯತ್ಯಾಸದ ಮೂರು ಸಾವಿರ ವಾಪಸ್ ಬರೋಕೆ ಎರಡು ವರ್ಷ. ಬಾಡಿಗೆ ಮನೇಲಿ ಎರಡು ವರ್ಷ ಇರ್ತೀರಾ ಅನ್ನೋದನ್ನ ನೀವೇ ಹೇಳಬೇಕು.

ಸೊನ್ನೆಬಿಲ್ (ತುಮಕೂರು)

ಒಂದ್ನಿಮಿಷ. ಗೃಹಜ್ಯೋತಿ ಲೆಕ್ಕವನ್ನ ಯಾರೂ ಹಿಡಿಯಲಿಲ್ಲ. ಅದರಲ್ಲಿ ಇನ್ನೂರು ಯೂನಿಟ್ ತನಕ ಎಲ್ಲರಿಗೂ ಪುಕ್ಕಟೆ ಅಂತ ಇಲ್ಲ. 2022-23ರಲ್ಲಿ ನಿಮ್ಮ ಮನೆ ತಿಂಗಳ ಸರಾಸರಿ ಎಷ್ಟಿತ್ತೋ ಅದು, ಮೇಲೆ ಶೇ 10. ಸರಾಸರಿ 48 ಯೂನಿಟಿಗಿಂತ ಕಡಿಮೆ ಇದ್ದವರಿಗೆ 2024ರಿಂದ ಶೇಕಡಾ ಬದಲು 10 ಯೂನಿಟ್ ಸೇರಿಸಿದ್ದಾರೆ. ಮಿತಿ ದಾಟಿದರೆ ದಾಟಿದಷ್ಟಕ್ಕೆ ದುಡ್ಡು. ಒಟ್ಟು ಇನ್ನೂರು ದಾಟಿತೋ, ಪೂರಾ ಬಿಲ್ಲು.

ನಾನು ಇದನ್ನ ಮೈಮೇಲೆ ಎಳಕೊಂಡು ಕಲಿತವನು. ನಮ್ಮ ಮಿತಿ 181. ಹೋದ ಬೇಸಿಗೆಯಲ್ಲಿ ಅಕ್ವೇರಿಯಂ ಗಿಡಕ್ಕೆ, ಪುದೀನಕ್ಕೆ ಅಂತ ಲೈಟ್ ಹಾಕಿದೆ, ಫ್ಯಾನೂ ರಾತ್ರಿ ಹಗಲು ಓಡಿತು, ಮೀಟರು 204ಕ್ಕೆ ಬಂದು ನಿಂತಿತು. ಸೊನ್ನೆ ಬರಬೇಕಿದ್ದ ಬಿಲ್ಲು ನಿಗದಿತ ಶುಲ್ಕ ಸೇರಿ ಸಾವಿರದ ಆರುನೂರು ದಾಟಿತು. ಆ ತಿಂಗಳು ಪುದೀನ ಚಟ್ನಿ ರುಚಿಸಲಿಲ್ಲ.

ಮೇಡಂ, ನಿಮ್ಮ ಸರಾಸರಿ ಎಷ್ಟು, ಈಗ ಎಷ್ಟು ಉರಿಸ್ತೀರಿ?

ಕಿಟಕಿಪಕ್ಕದವಳು

ಅಯ್ಯೋ, ಇದು ಗೊತ್ತೇ ಇರಲಿಲ್ಲ. ಈಗಷ್ಟೇ ಬಿಲ್ ನೋಡಿದೆ. ಸರಾಸರಿ 110, ಅಂದರೆ ಮಿತಿ 121. ಹೋದ ಮೂರು ತಿಂಗಳು 103, 106, 105 ಬಂದಿದೆ. ನನಗೆ ಉಳಿದಿರೋದು 16 ಯೂನಿಟ್ ಅಷ್ಟೇ. 38 ಎಲ್ಲಿಂದ ತರಲಿ?

ಸಸಿಮಡಿ

ಅಕ್ಕ, 38 ಬೇಕಾಗಿಯೇ ಇಲ್ಲ. ಚೋಕುಪಟ್ಟಿ ಸರ್ ಲೈಟಿನ ಲೆಕ್ಕ ಸರಿಯಾಗಿ ಹಾಕಿದ್ದಾರೆ, ಆದರೆ 16 ಗಂಟೆ ಅನ್ನೋದು ಲೆಟ್ಯೂಸ್ ಬೆಳೆಯೋವರ ಅಭ್ಯಾಸ. ಕೊತ್ತಂಬರಿಗೆ ಹಗಲು ಉದ್ದವಾದಷ್ಟೂ ಬೇಗ ಹೂವಿಗೆ ಹೋಗೋ ಚಾಳಿ ಇದೆ, ಸೆಕೆ ಸೇರಿದರೆ ಇನ್ನೂ ಬೇಗ. ನಿಮಗೆ ಬೇಕಿರೋದು ಸೊಪ್ಪು, ಧನಿಯಾ ಅಲ್ಲ. 12, 13 ಗಂಟೆ ಮೇಲೆ ಉರಿಸಲೇಬೇಡಿ.

ಇದನ್ನ ಬೇರೆ ಥರ ಹೇಳ್ತೀನಿ. ಚಿಕ್ಕಬಳ್ಳಾಪುರದ ಕಡೆ ರಾತ್ರಿ ಬಸ್ಸಲ್ಲಿ ಹೋಗುವಾಗ ಸೇವಂತಿಗೆ ಹೊಲದಲ್ಲಿ ಸಾಲಾಗಿ ಬಲ್ಬ್ ಉರಿಯೋದನ್ನ ನೋಡಿರ್ತೀರಿ, ಜಾತ್ರೆ ನಡೀತಿದೆಯೇನೋ ಅನ್ನಿಸುತ್ತೆ. ಆ ಬೆಳಕಿಂದ ಗಿಡಕ್ಕೆ ಹೊಟ್ಟೆ ತುಂಬಲ್ಲ, ಅಷ್ಟು ಮಂದ. ಅದು ಗಡಿಯಾರ ತಿರುಗಿಸೋ ಕೆಲಸ. ಸೇವಂತಿಗೆಗೆ ರಾತ್ರಿ ಉದ್ದ ಆದರೆ ಮೊಗ್ಗು ಬರುತ್ತೆ, ಬಲ್ಬ್ ಹಾಕಿ ರಾತ್ರಿಯನ್ನ ಮೊಟಕು ಮಾಡಿದರೆ ಗಿಡ ಇನ್ನೂ ಸಮಯ ಆಗಿಲ್ಲ ಅಂದುಕೊಂಡು ಬೆಳೀತಾ ಇರುತ್ತೆ. ಹೂವನ್ನ ಬೆಲೆ ಬರೋ ದಿನಕ್ಕೆ ಹೊಂದಿಸಿಕೊಳ್ಳೋ ಉಪಾಯ. ಕೊತ್ತಂಬರಿ ಇದರ ತಿರುವು ಮುರುವು. ಬೆಳಕು ಗಿಡಕ್ಕೆ ಊಟವೂ ಹೌದು, ಪಂಚಾಂಗವೂ ಹೌದು. ಲೈಟ್ ಮಾರೋವರು ಊಟದ ಮಾತು ಮಾತ್ರ ಆಡ್ತಾರೆ.

ಇನ್ನೊಂದು, ಲೈಟ್ ಕಡಿಮೆ ಮಾಡಿ ಇಡೀ ರ‍್ಯಾಕಿಗೆ ಹರಡೋ ತಪ್ಪು ಮಾಡಬೇಡಿ. ಜಾಗ ಕಡಿಮೆ ಮಾಡಿ. ನಾಲ್ಕಡಿಯಲ್ಲಿ ಎರಡೇ ಅಡಿ ಬಳಸಿ. ಎರಡಡಿ ಉದ್ದದ 10 ವ್ಯಾಟ್ ಬ್ಯಾಟನ್ ಸಿಗುತ್ತೆ, ನಾಲ್ಕು ಕಟ್ಟಿ. ಚದರ ಮೀಟರಿಗೆ ಅದೇ 185 ಬೀಳುತ್ತೆ. 13 ಗಂಟೆಗೆ 8.7 ಮೋಲ್. ಕೊತ್ತಂಬರಿ, ಮೆಂತ್ಯ ಎರಡಕ್ಕೂ ನಡೆಯುತ್ತೆ, ಜೊತೆಗೆ ಕಿಟಕಿಯಿಂದ ಬರೋದೂ ಚೂರು ಇದ್ದೇ ಇದೆ. ಕರೆಂಟು?

ಸೊನ್ನೆಬಿಲ್

40 ವ್ಯಾಟ್, 13 ಗಂಟೆ, 30 ದಿನ: 15.6 ಯೂನಿಟ್. 105ಕ್ಕೆ ಸೇರಿಸಿದರೆ 120.6. ಮಿತಿ 121! ಸಸಿಮಡಿಯವರೇ, ನೀವು ಆಡಿಟರ್ ಆಗಬೇಕಿತ್ತು.

ಪೇಡೆನಗರಿ

ಒಂದ್ ದಿನ ಮಿಕ್ಸರ್ ಜಾಸ್ತಿ ತಿರುವಿದ್ರ ಹೋತ್ ನೋಡ್ರಿ 😄

ಸಸಿಮಡಿ

ಹೋದರೆ ಎರಡು ಯೂನಿಟಿನ ದುಡ್ಡು ಹೋಗುತ್ತೆ, ಇನ್ನೂರು ದಾಟಲ್ಲವಲ್ಲ.

ಸೋರೋ ಬೆಳಕನ್ನ ಹಿಡಿಯೋಕೆ ರ‍್ಯಾಕಿನ ಮೂರು ಕಡೆ ಬಿಳಿ ಥರ್ಮೋಕೋಲ್ ಶೀಟ್ ನಿಲ್ಲಿಸಿ. ಕನ್ನಡಿ ಬೇಡ, ಬಿಳಿ ಸಾಕು. ಅಂಚಿನ ಕುಂಡಗಳಿಗೆ ಇದರಿಂದ ಎಷ್ಟು ಲಾಭ ಅಂತ ಫೋನಲ್ಲೇ ನೋಡಬಹುದು. ಪಕ್ಕದಲ್ಲಿ ಒಂದು ಸಣ್ಣ ಫ್ಯಾನ್ ಆಗೀಗ ಗಾಳಿ ಆಡಿಸಿದರೆ ಕಾಂಡ ಗಟ್ಟಿಯಾಗುತ್ತೆ.

ಕರಿಬೇವಿನ ಆಸೆ ಬಿಡಿ ಅಂತ ಮಾತ್ರ ಹೇಳ್ತೀನಿ. ಅದು ಬಿಸಿಲಿನ ಮರ. ಈ ಬೆಳಕಲ್ಲಿ ಸಾಯಲ್ಲ, ಬೆಳೆಯೋದೂ ಇಲ್ಲ.

ಹಿಮದೂರಿನ ಕರಿಬೇವು (ಟೊರಾಂಟೊ)

ಅಡ್ಡ ಬಾಯಿ ಹಾಕ್ತಿದ್ದೀನಿ, ಕ್ಷಮಿಸಿ. ಕರಿಬೇವು ಮನೆಯೊಳಗೆ ಆಗಲ್ಲ ಅನ್ನೋ ಮಾತು ಕೇಳಿದರೆ ನನಗೆ ಸುಮ್ಮನಿರೋಕಾಗಲ್ಲ. ಆರು ವರ್ಷದಿಂದ ಇಟ್ಟಿದ್ದೀನಿ. ಇಲ್ಲಿ ಡಿಸೆಂಬರ್ 21ಕ್ಕೆ ಹಗಲು ಒಂಬತ್ತು ಗಂಟೆಯೂ ಪೂರ್ತಿ ಇರಲ್ಲ, ನಿಮಗೆ ಅವತ್ತೂ ಹನ್ನೊಂದು ಗಂಟೆ ಮೇಲೆ ಸಿಗುತ್ತೆ. ಅಕ್ಟೋಬರಲ್ಲಿ ಕುಂಡ ಒಳಗೆ, ಮೇ ಕೊನೆಗೆ ಹೊರಗೆ.

ಆದರೆ ಬೆಲೆ ತೆತ್ತಿದ್ದೀನಿ. ಒಂದೇ ಗಿಡಕ್ಕೆ ನಿಜವಾದ 100 ವ್ಯಾಟಿನ ಬಿಳಿ ಬೋರ್ಡು, ದಿನಕ್ಕೆ 14 ಗಂಟೆ. ಮೊದಲ ಚಳಿಗಾಲ ಕಡಿಮೆ ಬೆಳಕು ಕೊಟ್ಟು, ಊರಿನಲ್ಲಿ ಹಾಕೋ ಹಾಗೆ ದಿನಾ ನೀರು ಹಾಕಿ ಬೇರು ಕೊಳೆಸಿದೆ. ಬೆಳಕು ಕಡಿಮೆ ಆದರೆ ಗಿಡ ನೀರೂ ಕಡಿಮೆ ಕುಡಿಯುತ್ತೆ ಅಂತ ಆಮೇಲೆ ತಿಳೀತು. ಹೀಟರಿನ ಒಣ ಗಾಳಿಗೆ ಜೇಡ ನುಸಿ ಬೇರೆ ಬರುತ್ತೆ, ವಾರಕ್ಕೊಮ್ಮೆ ಗಿಡಕ್ಕೆ ಬಾತ್‌ರೂಮಲ್ಲಿ ತಲೆಸ್ನಾನ.

ನಮ್ಮ ಒಂಟಾರಿಯೊದಲ್ಲಿ ವಾರದ ದಿನ ಸಂಜೆ ಏಳರಿಂದ ಬೆಳಿಗ್ಗೆ ಏಳರ ತನಕ ಕರೆಂಟ್ ಅಗ್ಗ. ಹಾಗಾಗಿ ನಮ್ಮ ಕರಿಬೇವಿಗೆ ರಾತ್ರಿಯೇ ಹಗಲು. ಲೈಟಿನ ಬಿಸಿಯೂ ಇಲ್ಲಿ ವ್ಯರ್ಥವಲ್ಲ, ಕೋಣೆ ಬೆಚ್ಚಗಾಗುತ್ತೆ. ಬೆಂಗಳೂರಲ್ಲಿ ಹತ್ತು ರೂಪಾಯಿಗೆ ಒಂದು ಹಿಡಿ ಕರಿಬೇವು ಕೊಸರಾಗಿ ಸಿಗೋ ಕಡೆ ಇಷ್ಟೆಲ್ಲ ಮಾಡಬೇಕಾ ಅಂದರೆ, ಬೇಡ. ಇಲ್ಲಿ ಅದು ಊರಿನ ವಾಸನೆ, ಅದಕ್ಕೆ ಮಾಡ್ತೀನಿ. ಅಂದಹಾಗೆ ಅಮೆರಿಕದಲ್ಲಿರೋ ನೆಂಟರಿಗೆ ಸಸಿ ಕಳಿಸೋಣ ಅಂತ ಯಾರೂ ಹೊರಡಬೇಡಿ. ಕರಿಬೇವು ನಿಂಬೆ ಕುಟುಂಬದ್ದು, ಸಿಟ್ರಸ್ ಗ್ರೀನಿಂಗ್ ರೋಗ ಹರಡೋ ಕೀಟ ಇದರ ಮೇಲೂ ಕೂರುತ್ತೆ ಅಂತ ಅಲ್ಲಿ ಬಿಗಿ ನಿರ್ಬಂಧ ಇದೆ.

ಕಿಟಕಿಪಕ್ಕದವಳು

‘ಗಿಡಕ್ಕೆ ತಲೆಸ್ನಾನ’ ಓದಿ ಮನೆಯವರೆಲ್ಲ ನಕ್ಕರು. 100 ವ್ಯಾಟ್ ಅಂದ ಮೇಲೆ ಕರಿಬೇವಿಗೆ ಕೈ ಮುಗಿದೆ. ತಂಗಿ ಮನೆ ಟೆರೇಸಿಗೆ ಕಳಿಸ್ತೀನಿ.

ಇನ್ನೊಂದು ಅನುಮಾನ. ಏಪ್ರಿಲ್, ಮೇ ತಿಂಗಳಲ್ಲಿ ಈ ಉತ್ತರದ ಕಿಟಕಿಗೆ ಬೆಳಿಗ್ಗೆ ಸ್ವಲ್ಪ ಬಿಸಿಲು ಬಂದ ಹಾಗೆ ನೆನಪು. ನನ್ನ ಭ್ರಮೆನಾ?

ಚೋಕುಪಟ್ಟಿ

ಭ್ರಮೆ ಅಲ್ಲ ಮೇಡಂ. ಬೆಂಗಳೂರಿನಲ್ಲಿ ಏಪ್ರಿಲ್ 24ರ ಸುಮಾರಿಗೆ, ಮತ್ತೆ ಆಗಸ್ಟ್ 18ರ ಸುಮಾರಿಗೆ ‘ಶೂನ್ಯ ನೆರಳಿನ ದಿನ’ ಅಂತ ಪೇಪರಲ್ಲಿ ಬರುತ್ತಲ್ಲ. ಮಧ್ಯಾಹ್ನ ಸೂರ್ಯ ನೇರ ನೆತ್ತಿಗೆ ಬರೋ ದಿನ. ಆ ಎರಡರ ನಡುವೆ ನಡುಹಗಲಲ್ಲೂ ಸೂರ್ಯ ನಮ್ಮ ಉತ್ತರಕ್ಕಿರ್ತಾನೆ. ಬೆಳಿಗ್ಗೆ, ಸಂಜೆಯಂತೂ ಮಾರ್ಚ್ ಕೊನೆಯಿಂದಲೇ ಉತ್ತರಕ್ಕೆ ವಾಲಿರ್ತಾನೆ. ಆಗ ಉತ್ತರದ ಕಿಟಕಿಗೆ ಓರೆಯಾಗಿ ಬಿಸಿಲು ಬೀಳುತ್ತೆ, ಪಕ್ಕದ ಗೋಡೆ ಬಿಟ್ಟರೆ. ತಮಾಷೆ ಅಂದರೆ ಆ ನಾಲ್ಕು ತಿಂಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮೋಡವೇ. ಪಕ್ಕದ ಗೋಡೆಗೆ ಬಿಳಿ ಸುಣ್ಣ ಹೊಡೆಸೋಕೆ ಆ ಮನೆಯವರು ಒಪ್ಪಿದರೆ ಅದೇ ನಿಮಗೆ ಪುಕ್ಕಟೆ ಗ್ರೋ ಲೈಟು.

ಟೈಮರ್ ಬಗ್ಗೆ ಒಂದು ಮಾತು. ತಿರುಗೋ ಚಕ್ರದ ಟೈಮರ್ ಅಗ್ಗ, ಆದರೆ ಕರೆಂಟ್ ಹೋದಾಗ ಅದೂ ನಿಲ್ಲುತ್ತೆ. ವಾರಕ್ಕೆ ಮೂರು ಗಂಟೆ ಕರೆಂಟ್ ಹೋದರೆ ತಿಂಗಳ ಕೊನೆಗೆ ನಿಮ್ಮ ಗಿಡಕ್ಕೆ ಮುಸ್ಸಂಜೆಗೆ ಸೂರ್ಯೋದಯ. ಒಳಗೆ ಸಣ್ಣ ಬ್ಯಾಟರಿ ಇರೋ ಡಿಜಿಟಲ್ ಟೈಮರ್ ತಗೊಳ್ಳಿ. ಎಕ್ಸ್‌ಟೆನ್ಷನ್ ಬಾಕ್ಸನ್ನ ಗಿಡಕ್ಕಿಂತ ಮೇಲೆ ಕಟ್ಟಿ. ಕೆಳಗಿಟ್ಟು ಮೇಲಿಂದ ನೀರು ಹಾಕೋದನ್ನ ಎಷ್ಟೋ ಮನೇಲಿ ನೋಡಿದ್ದೀನಿ, ನೋಡಿದಾಗೆಲ್ಲ ಎದೆ ಧಸಕ್ ಅನ್ನುತ್ತೆ. ಕಬ್ಬಿಣದ ರ‍್ಯಾಕ್ ಬೇರೆ ನಿಮ್ಮದು. ಮೂರು ಪಿನ್ನಿನ ಪ್ಲಗ್ಗು, ಸರಿಯಾದ ಅರ್ಥಿಂಗ್ ಇಲ್ಲದೆ ಶುರು ಮಾಡಬೇಡಿ.

ಕುಡ್ಲದ ಕೈತೋಟ

ಬ್ಯಾಟನ್ ಎಲ್ಲಿ ತಗೊಳ್ಳುದು ಅಂತ ಯಾರೂ ಹೇಳ್ಲಿಲ್ಲ. ಬೆಂಗಳೂರಲ್ಲಿ ಎಸ್.ಪಿ. ರೋಡ್ ಉಂಟಲ್ಲ, ಅಲ್ಲಿ ಹೋಗಿ. ಅಂಗಡಿಯಲ್ಲೇ ಉರಿಸಿ ತೋರಿಸ್ಲಿಕ್ಕೆ ಹೇಳಿ, ಫೋನ್ ಹಿಡಿದು ಲಕ್ಸ್ ನೋಡಿ. ನಾಚಿಕೆ ಎಂತದ್ದು ಅದ್ರಲ್ಲಿ.

ಕಿಟಕಿಪಕ್ಕದವಳು (ಏಳು ವಾರದ ನಂತರ)

ಎಲ್ಲರಿಗೂ ವರದಿ ಒಪ್ಪಿಸ್ತಿದ್ದೀನಿ.

ಎರಡಡಿಯ 10 ವ್ಯಾಟ್ ಬ್ಯಾಟನ್ ನಾಲ್ಕು ತಂದೆ. ಅಂಗಡಿಯಲ್ಲಿ ಫೋನ್ ಹಿಡಿದು ಅಳೆದೆ, ಅಂಗಡಿಯವರು ‘ಏನ್ ಮೇಡಂ, ಯಾವ ಡಿಪಾರ್ಟ್‌ಮೆಂಟು?’ ಅಂದರು. ನಾಲ್ಕೂ ಸೇರಿ ನಿಜವಾಗಿ ಎಳೀತಿರೋದು 38 ವ್ಯಾಟ್, ಮೀಟರ್ ಎರವಲು ತಂದು ನೋಡಿದ್ದೀನಿ. ಸೊಪ್ಪಿನ ತುದಿಯಿಂದ ಒಂದು ಗೇಣು ಮೇಲೆ, ಸರಪಳಿಯಲ್ಲಿ. ಮಧ್ಯದಲ್ಲಿ 13,400 ಲಕ್ಸ್. ಅಂಚಿನಲ್ಲಿ 7,000 ಇತ್ತು, ಥರ್ಮೋಕೋಲ್ ನಿಲ್ಲಿಸಿದ ಮೇಲೆ 9,500. ಆದರೂ ಮಧ್ಯದ ಕುಂಡವೇ ದಷ್ಟಪುಷ್ಟ, ಹಾಗಾಗಿ ಮೂರು ದಿನಕ್ಕೊಮ್ಮೆ ಜಾಗ ಬದಲಿಸ್ತೀನಿ. ಬೆಳಿಗ್ಗೆ ಆರಕ್ಕೆ ಆನ್, ಸಂಜೆ ಏಳಕ್ಕೆ ಆಫ್.

ಮೆಂತ್ಯ ಮೂರು ವಾರಕ್ಕೇ ಕೊಯ್ದೆ. ಕೊತ್ತಂಬರಿ ಆರನೇ ವಾರ. ಗಾಡಿಯವನ ಕಟ್ಟಿನಷ್ಟು ದಪ್ಪ ಇಲ್ಲ, ಆದರೆ ನೆಟ್ಟಗೆ ನಿಂತಿದೆ, ಕೈಯಲ್ಲಿ ಉಜ್ಜಿದರೆ ಮನೆಯೆಲ್ಲ ಘಮ್ ಅನ್ನುತ್ತೆ. ಒಂದು ಕುಂಡದಲ್ಲಿ ಬೀಜ ಒತ್ತೊತ್ತಾಗಿ ಬಿದ್ದು ಬುಡ ಕೊಳೆತುಹೋಯ್ತು. ಅದು ಲೈಟಿನ ತಪ್ಪಲ್ಲ, ನನ್ನ ಕೈ ದೊಡ್ಡದು. ದೊಡ್ಡಪತ್ರೆಯ ಹೊಸ ಎಲೆಗಳು ಹತ್ತಿರ ಹತ್ತಿರ ಬಂದಿವೆ, ತಂಬುಳಿ ಎರಡು ಸಲ ಆಯ್ತು.

ಬಿಲ್ಲು: 119 ಯೂನಿಟ್. ಸೊನ್ನೆ.

ಗಾಡಿಯ ಹತ್ತು ರೂಪಾಯಿ ಕಟ್ಟಿಗೆ ಹೋಲಿಸಿದರೆ ಇದು ಲಾಭವಾ ಅಂತ ಲೆಕ್ಕ ಹಾಕೋಕೆ ಹೋಗಿಲ್ಲ, ಹಾಕೋದೂ ಇಲ್ಲ. ಬೇಸಿಗೆಗೆ ಫ್ಯಾನ್ ಶುರುವಾದರೆ ಏನು ಮಾಡೋದು ಅಂತ ಯೋಚನೆ ಇದೆ.

ಸೊನ್ನೆಬಿಲ್

ಬೇಸಿಗೆಗೆ ಎರಡು ಬ್ಯಾಟನ್ ಆಫ್ ಮಾಡಿ, ಉಳಿದೆರಡರ ಕೆಳಗೆ ಮೈಕ್ರೋಗ್ರೀನ್ಸ್ (ಎಳೆ ಸಸಿಯಲ್ಲೇ ಕೊಯ್ದು ತಿನ್ನೋ ಸೊಪ್ಪು) ಹಾಕಿ. ಸಾಸಿವೆ, ಹೆಸರುಕಾಳು. ಮೊದಲ ಮೂರು ದಿನ ಮುಚ್ಚಿಟ್ಟಿರಬೇಕು, ಆಮೇಲೂ ಇದರ ಅರ್ಧ ಬೆಳಕಲ್ಲಿ ಮುಗಿಯುತ್ತೆ. ಹತ್ತು ದಿನಕ್ಕೆ ತಟ್ಟೆಗೆ ಬರುತ್ತೆ.

ಪೇಡೆನಗರಿ

ಯಜಮಾನ್ರು ಈಗೇನ್ ಅಂತಾರ್ರಿ ಅಕ್ಕಾರ?

ಕಿಟಕಿಪಕ್ಕದವಳು

ಪೇಪರ್ ಓದೋ ಕುರ್ಚಿಯನ್ನ ರ‍್ಯಾಕ್ ಪಕ್ಕಕ್ಕೆ ತಂದುಕೊಂಡಿದ್ದಾರೆ, ‘ಇಲ್ಲಿ ಬೆಳಕು ಚೆನ್ನಾಗಿದೆ’ ಅಂತೆ. ಏಳಕ್ಕೆ ಟೈಮರ್ ಆಫ್ ಆದಾಗ ಇನ್ನರ್ಧ ಗಂಟೆ ಜಾಸ್ತಿ ಮಾಡು ಅಂತಾರೆ. ಕೊತ್ತಂಬರಿ ಹೂ ಬಿಡುತ್ತೆ ಆಗಲ್ಲ ಅಂದಿದ್ದೀನಿ.